ನಾಬ್ ಮುಟ್ಟಿದ ಕೈ

ಬಿಯರ್ ಕೂಲರಿನ ನಾಬ್ ತಿರುಗಿಸುತ್ತಿದ್ದವಳು ನಾನೇ. ದಿನಾ ಬೆಳಿಗ್ಗೆ ನಮ್ಮ ಬಾರಿನ ನೆಲದ ಮೇಲೆ ನಿಂತಿರುತ್ತಿದ್ದ ಆ ನೀರಿಗೆ ಕಾರಣ ಪೈಪಲ್ಲ, ಬಾಗಿಲಿನ ರಬ್ಬರಲ್ಲ, ರಿಪೇರಿಗೆ ಬಂದ ಮುನಿರಾಜುವಿನ ಕೈಯಂತೂ ಅಲ್ಲವೇ ಅಲ್ಲ — ಸಾವಿತ್ರಮ್ಮ ಎಂಬ ನನ್ನ ಈ ಕೈ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಹೆತ್ತ ಮಗಳಿಗೂ ಹೇಳಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಜಂಬ ಜಾಸ್ತಿ. ಯಾಕಿರಬಾರದು? ಯಜಮಾನರು ತೀರಿಕೊಂಡಾಗ, ದೇವನಹಳ್ಳಿ ದಾಟಿದ ಮೇಲೆ ರಸ್ತೆ ಬದಿಯಲ್ಲಿರುವ ಈ ಬಾರನ್ನು ಮಾರಿಬಿಡು ಎಂದವರೇ ಎಲ್ಲ. ಮೈದುನ ಮನೆಗೇ ಬಂದು, "ಅತ್ತಿಗೆ, ನೀವು ಬಾರಲ್ಲಿ ಗಲ್ಲಾ ಮೇಲೆ ಕೂತ್ಕೊಂಡ್ರೆ ನಾವು ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಹೆಂಗೆ?" ಎಂದ. "ತಗ್ಗಿಸ್ಕೊಂಡೇ ಓಡಾಡಪ್ಪ, ಎಡವಿ ಬೀಳೋದಾದ್ರೂ ತಪ್ಪುತ್ತೆ" ಎಂದೆ. ಮಾರನೆಯ ದಿನ ಹೋಗಿ ಕೂತೆ. ನಲ್ಲೂರಿನ ಹುಣಸೆತೋಪಿನ ಪಕ್ಕದಲ್ಲಿ ಬೆಳೆದವಳು ನಾನು, ಕತ್ತಲಿಗೇ ಹೆದರಲಿಲ್ಲ, ಇನ್ನು ಕುಡಿದವರ ಗಲಾಟೆಗೆ ಹೆದರುತ್ತೇನೆಯೇ? ಕೂಗಾಡಲು ಎದ್ದವನು ನನ್ನ ಮುಖ ನೋಡಿ ಹಾಗೇ ಕೂರುತ್ತಿದ್ದ.

ಆಮೇಲೆ, ಒಂದು ಆಯುಧಪೂಜೆಯ ಹೊತ್ತಿಗೆ, ಎದುರಿಗೇ ಇನ್ನೊಂದು ಬಾರು ತೆರೆಯಿತು. ಬಣ್ಣಬಣ್ಣದ ದೀಪ, ದೊಡ್ಡ ಟಿವಿ. ನಮ್ಮಲ್ಲಿ ಏನಿದೆ? ಒಂದು ಹಳೇ ಕೂಲರ್. ಆಗ ಹೊಳೆಯಿತು — ಬಿಯರನ್ನೇ ಅವರಿಗಿಂತ ತಣ್ಣಗೆ ಕೊಟ್ಟರೆ? ಮಧ್ಯಾಹ್ನ, ಗಿರಾಕಿಗಳು ಬರುವ ಮುಂಚೆ, ಕೂಲರಿನೊಳಗೆ ತಂಪು ಹೆಚ್ಚುಕಮ್ಮಿ ಮಾಡುವ ನಾಬನ್ನು ಕೊನೆಯವರೆಗೂ ತಿರುಗಿಸತೊಡಗಿದೆ. ರಾತ್ರಿ ಬಾಗಿಲು ಹಾಕುವಾಗ ಮತ್ತೆ ಮೊದಲಿನ ಜಾಗಕ್ಕೆ ತರುತ್ತಿದ್ದೆ. ಕೆಲಸದವರಿಗೆ ಗೊತ್ತಾದರೆ ಎದುರಿನವರಿಗೆ ಹೋಗಿ ಊದುತ್ತಾರೆ ಎಂಬ ಭಯ. ಸಂಜೆ ಬಂದವರು ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡು, "ಅಕ್ಕನ ಕೈಗುಣ ಅಂದ್ರೆ ಕೈಗುಣ ಗುರು!" ಎನ್ನುತ್ತಿದ್ದರು. ನಾನು ಕೇಳಿಸದವಳ ಹಾಗೆ ಬೇರೆ ಕಡೆ ನೋಡುತ್ತಿದ್ದೆ. ಎಲ್ಲ ಕೇಳಿಸುತ್ತಿತ್ತು. ಮನೆಗೆ ಹೋಗಿ ಮಲಗಿದ ಮೇಲೂ ಕೇಳಿಸುತ್ತಿತ್ತು.

ಆಯುಧಪೂಜೆ ಕಳೆದ ಮೇಲೆ ನೀರು ಶುರುವಾಯಿತು. ರಾತ್ರಿ ಒಣಗಿದ ನೆಲ, ಬೆಳಿಗ್ಗೆ ಕೂಲರಿನ ಕೆಳಗಿಂದ ಬಾಗಿಲವರೆಗೂ ನೀರು. ಮುನಿರಾಜುವನ್ನು ಕರೆಸಿದೆ. ಇಲ್ಲೇ ಹತ್ತಿರದ ಮಧುರೆ ಕಡೆಯ ಹುಡುಗ, ಕಂಪನಿ ಕೆಲಸ ಬಿಟ್ಟು ಆಗಷ್ಟೇ ಸ್ವಂತ ರಿಪೇರಿ ಅಂಗಡಿ ಹಾಕಿದ್ದ. "ನಾನು ಕೈ ಹಾಕಿದ ಮಿಷನ್ ಎರಡನೇ ಸಲ ಕೆಡಲ್ಲ ಅಕ್ಕಾ, ಬರೆದಿಟ್ಕೊಳ್ಳಿ" ಎಂದ, ಬಂದವನೇ. ಜಂಬದಲ್ಲಿ ನನ್ನ ತಮ್ಮನೇ ಸರಿ ಅನ್ನಿಸಿತು. ಅದಕ್ಕೇ ಅವನು ಇಷ್ಟವಾದ.

ಕೂಲರಿನ ನೀರು ಹೊರಹೋಗುವ ಪೈಪಿನಿಂದ ಚೆಂಡುಹೂವಿನ ಎಸಳಿನ ಮುದ್ದೆಯೊಂದನ್ನು ಎಳೆದು ತೆಗೆದ. ಪೂಜೆಯ ದಿನ ಕೂಲರಿಗೆ ಹೊರಗೂ ಒಳಗೂ ಹಾರ ಹಾಕಿದ್ದೆ. "ಪೂಜೆ ಮಾಡಿ ಅಂದ್ರೆ ಮಿಷನ್‌ಗೇ ಹೂವು ತಿನ್ಸಿದೀರಲ್ಲಕ್ಕಾ!" ಎಂದ. ಎಲ್ಲರೂ ನಕ್ಕೆವು. ಮಾರನೆಯ ಬೆಳಿಗ್ಗೆ ಮತ್ತೆ ನೀರು. ಮತ್ತೆ ಬಂದ. ಖಾಲಿ ಬಾಟಲಿಯನ್ನು ನೆಲದ ಮೇಲೆ ಉರುಳಿಸಿ ಇಳಿಜಾರು ನೋಡಿದ, ಕೂಲರಿನ ಕಾಲುಗಳ ಕೆಳಗೆ ಹಲಗೆ ಕೊಟ್ಟ, ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆದು ರಬ್ಬರ್ ನೋಡಿದ. ನಾಬನ್ನು ಸರಿಯಾದ ಜಾಗದಲ್ಲಿಟ್ಟು, "ಇದನ್ನ ಮಾತ್ರ ಮುಟ್ಬೇಡಿ" ಎಂದು ಹೋದ. ನಾನು ಮುಟ್ಟಿದೆ. ಮತ್ತೆ ನೀರು.

ಮೂರನೆಯ ಸಲ ಅವನು ಬಂದದ್ದು ಸಂಜೆ, ಟೇಬಲ್‌ಗಳೆಲ್ಲ ತುಂಬಿದ್ದಾಗ. ಏರ್‌ಪೋರ್ಟ್ ರಸ್ತೆಯ ದೊಡ್ಡ ಹೋಟೆಲೊಂದರ ಮ್ಯಾನೇಜರ್ ಮುಂದಿನ ಟೇಬಲ್ಲಿನಲ್ಲೇ ಕೂತಿದ್ದರು. ಈ ಕೂಲರ್ ಸರಿ ಮಾಡಿದರೆ ತಮ್ಮ ಹೋಟೆಲಿನ ಅಷ್ಟೂ ಮಿಷನ್‌ಗಳನ್ನು ನೋಡಿಕೊಳ್ಳುವ ಕೆಲಸ ಇವನಿಗೇ ಎಂದಿದ್ದರು. "ಇದೊಂದು ಸಿಕ್ಬಿಟ್ರೆ ಅಕ್ಕಾ, ಇನ್ನೊಬ್ಬರ ಕೈಕೆಳಗೆ ದುಡಿಯೋ ಮಾತೇ ಇಲ್ಲ" ಎಂದು ನನಗೆ ಹೇಳಿದ್ದ. ನನಗೆ ಗೊತ್ತಿತ್ತು. ಎಲ್ಲಾ ಗೊತ್ತಿತ್ತು.

ಅವನ ಗಾಡಿಯ ಸದ್ದು ಕೇಳಿದ್ದೇ ನಾಬನ್ನು ಹಿಂದಕ್ಕೆ ತಿರುಗಿಸಿಟ್ಟಿದ್ದೆ. ಆದರೆ ಕಟ್ಟಿದ್ದ ಐಸನ್ನು ಎಲ್ಲಿ ಬಚ್ಚಿಡಲಿ? ಅವನು ಹಿಂದಿನ ತಗಡು ಬಿಚ್ಚಿ ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

"ಅಕ್ಕಾ, ಒಳಗೆ ತಂಪು ಮಾಡೋ ಕಾಯಿಲ್ ಮೇಲೆ ಗೋಡೆ ಥರ ಐಸ್ ಕಟ್ಟಿದೆ. ನಾನಿಟ್ಟ ಜಾಗದಲ್ಲೇ ನಾಬ್ ಇದ್ರೆ ಹಿಂಗಾಗಲ್ಲ. ಯಾರೋ ಜಾಸ್ತಿ ಮಾಡಿ, ರಾತ್ರಿ ಕಮ್ಮಿ ಮಾಡ್ತಿದಾರೆ. ಅಷ್ಟೂ ಐಸ್ ಒಟ್ಟಿಗೆ ಕರಗಿ ಹೊರಗೆ ಬರ್ತಿದೆ. ನಿಜ ಹೇಳಿ, ಯಾರಾದ್ರೂ ನಾಬ್ ಮುಟ್ತಾರಾ?"

ನೀರಿಗೂ ನಾಬಿಗೂ ಇರುವ ನಂಟು ನನಗೆ ತಿಳಿದದ್ದು ಆಗಲೇ — ಇದನ್ನು ನೆಪಕ್ಕೆ ಹೇಳುತ್ತಿಲ್ಲ. ತಿಳಿದ ಮೇಲೆ ಮಾಡಿದ್ದೇ ನನ್ನ ತಪ್ಪು. ಅವನು ಸರಿಯಾಗಿ ಹಿಡಿದಿದ್ದ. ಭೇಷ್ ಎನ್ನಬೇಕಾಗಿತ್ತು. ಆದರೆ ಹೌದು ಎಂದರೆ — ಅಷ್ಟು ಜನರ ಎದುರು ಅಕ್ಕನ ಕೈಗುಣ ಒಂದು ಪ್ಲಾಸ್ಟಿಕ್ ನಾಬ್ ಆಗಿಬಿಡುತ್ತಿತ್ತು.

"ಯಾರೂ ಮುಟ್ಟಲ್ಲಪ್ಪ" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ಎಲ್ಲಾ ಮಾಡಿ ನೋಡಿದ್ದಾಯ್ತಲ್ಲ ಮುನಿರಾಜು. ನಿನ್ನ ಕೈಗುಣಾನೇ ಸರಿಯಿಲ್ಲ ಬಿಡು."

ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರ್ ಮೊಬೈಲ್ ನೋಡುತ್ತಾ ಎದ್ದು ಕೈತೊಳೆಯಲು ಹೋದರು. ಮುನಿರಾಜು ತನ್ನ ಎರಡೂ ಕೈ ನೋಡಿಕೊಂಡ — ಅದೊಂದನ್ನು ನಾನು ಮರೆತಿಲ್ಲ. ನಮ್ಮ ಕಡೆ ಒಬ್ಬನಿಗೆ ಕೆಲಸ ಬರಲ್ಲ ಎಂದರೆ ಅವನು ಮಾಡಿ ತೋರಿಸಬಹುದು. ಕೈಗುಣ ಇಲ್ಲ ಎಂದರೆ ಏನು ಮಾಡಿ ತೋರಿಸುತ್ತಾನೆ? ಅದಕ್ಕೆ ಸಾಕ್ಷಿ ಕೇಳುವವರೂ ಇಲ್ಲ, ಅದನ್ನು ಅಳಿಸುವವರೂ ಇಲ್ಲ.

ಇನ್ನೊಬ್ಬ ಮೆಕ್ಯಾನಿಕ್ ಬಂದ. ಒಂದು ಬಟ್ಟೆ ತಗೊಂಡು ಒರೆಸಿ ಹೋದ, ಅಷ್ಟೇ. ಅವತ್ತಿನಿಂದ ನಾನು ನಾಬ್ ಮುಟ್ಟಲಿಲ್ಲ, ನೀರು ನಿಂತಿತು. ಹೋಟೆಲಿನ ಕೆಲಸ ಆ ಹೊಸ ಮೆಕ್ಯಾನಿಕ್‌ಗೇ ಹೋಯಿತು. ಮುನಿರಾಜುವಿನ ಅಂಗಡಿಗೆ ಕರೆಗಳು ಕಮ್ಮಿಯಾಗಿ, ಅವನು ಬಾಗಿಲು ಹಾಕಿ ಹೊಸಕೋಟೆಯಲ್ಲಿ ಯಾರದೋ ಅಂಗಡಿಗೆ ಸಂಬಳಕ್ಕೆ ಸೇರಿದ. ಇನ್ನೊಂದು ಹೇಳಬೇಕು, ಹೇಳಲು ನಾಚಿಕೆ — ನಾಬ್ ತಿರುಗಿಸುವುದು ಬಿಟ್ಟ ಮೇಲೂ ಗಿರಾಕಿಗಳು ಬಾಟಲಿ ಕೆನ್ನೆಗೆ ಒತ್ತಿಕೊಂಡು ಅದನ್ನೇ ಹೇಳುತ್ತಿದ್ದರು. ಒಬ್ಬನಿಗೂ ವ್ಯತ್ಯಾಸ ಗೊತ್ತಾಗಲಿಲ್ಲ!

ಬಾರು ಬೆಳೆಯಿತು. ಎದುರಿನವರು ಮುಚ್ಚಿಕೊಂಡು ಹೋದರು. ಮೈದುನ ಈಗ ತನ್ನ ಬೀಗರಿಗೆ, "ನಮ್ಮತ್ತಿಗೆ ಬಾರು" ಎಂದು ಎದೆಯುಬ್ಬಿಸಿ ಹೇಳುತ್ತಾನೆ. ಇವೆಲ್ಲ ನಾನು ದುಡಿದು ಗಳಿಸಿದ ಹೆಮ್ಮೆ, ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಅದರಲ್ಲಿ ಒಂದು ತುಂಡು ನನ್ನದಲ್ಲ.

ಮೊನ್ನೆ ಮುನಿರಾಜು ಬಂದಿದ್ದ, ಗೆಳೆಯನ ಜೊತೆ, ಗಿರಾಕಿಯಾಗಿ. ಕೂದಲು ನೆರೆಯಲು ಶುರುವಾಗಿದೆ. ಬಾಟಲಿ ಮುಟ್ಟಿ ನೋಡಿ ನಕ್ಕ. "ಈಗ್ಲೂ ಹಂಗೇ ಇದೆಯಲ್ಲಕ್ಕಾ! ಕೈಗುಣ ಅಂದ್ರೆ ನಿಮ್ದು. ಅವತ್ತು ನೀವು ಹೇಳಿದ್ದೇ ಸರಿ ಬಿಡಿ. ಈಗ ನಾನು ನಮ್ಮ ಅಂಗಡಿ ಓನರ್ ಪಕ್ಕದಲ್ಲಿಲ್ದೆ ಮಿಷನ್ ಬಿಚ್ಚಲ್ಲ."

ಅವನ ಮಾತಿನ ಮೊದಲ ಅರ್ಧಕ್ಕೆ ನನ್ನ ಮುಖ ಅರಳಿತು. ಇಷ್ಟೆಲ್ಲ ಆದ ಮೇಲೂ ಅರಳಿತು! ಉಳಿದರ್ಧ ಕೇಳಿದ ಮೇಲೆ ಅವನ ಕಡೆ ತಲೆ ಎತ್ತಿ ನೋಡಲು ಆಗಲಿಲ್ಲ. ಎರಡನೇ ಸಲ ಕೆಡಲ್ಲ ಎಂದು ಎದೆ ತಟ್ಟಿಕೊಂಡಿದ್ದವನು ಎಲ್ಲಿ ಹೋದ? ಅವನನ್ನು ಕಳೆದವಳು ಇಲ್ಲಿ ಗಲ್ಲಾ ಮೇಲೆ ಕೂತಿದ್ದೇನೆ.

ನಿನ್ನೆ ಫೋನ್ ಮಾಡಿ, ಶನಿವಾರ ಸಂಜೆ ಬಾ, ಕೂಲರ್ ವಿಷಯ ಎಂದೆ. "ಮತ್ತೆ ನೀರಾ ಅಕ್ಕಾ?" ಎಂದ. "ಹೊಸ ನೀರಲ್ಲ ಕಣಪ್ಪ, ಹಳೇದು" ಎಂದೆ. "ಓನರನ್ನೂ ಕರ್ಕೊಂಡು ಬರ್ಲಾ?" ಎಂದ. ಬೇಡ, ಒಬ್ಬನೇ ಬಾ ಎಂದೆ.

ಶನಿವಾರ ಟೇಬಲ್‌ಗಳೆಲ್ಲ ತುಂಬಿರುತ್ತವೆ. ತುಂಬಿರಲಿ, ಅವತ್ತೂ ತುಂಬಿದ್ದವು. ಅವನು ಅವತ್ತು ಕೇಳಿದ್ದಕ್ಕೆ ಇನ್ನೂ ನನ್ನಿಂದ ನಿಜವಾದ ಉತ್ತರ ಸಿಕ್ಕಿಲ್ಲ. ಗಲ್ಲಾ ಬಿಟ್ಟು ಎದ್ದು, ಕೂಲರಿನ ಬಾಗಿಲು ತೆಗೆದು, ಎಲ್ಲರಿಗೂ ಕಾಣುವಂತೆ ಆ ನಾಬಿನ ಮೇಲೆ ಕೈಯಿಟ್ಟು ಹೇಳುತ್ತೇನೆ — ನಾನೇ ಮುಟ್ಟಿದ್ದು, ಮುನಿರಾಜು.