ಅಂತೋಣಿಯ ಕೈಯಿಂದ ಬಾಲಯೇಸುವನ್ನು ತೆಗೆದಿಟ್ಟೆ

ಕಳೆದ ಜೂನ್‌ನಲ್ಲಿ ನನ್ನ ಗಂಡ ಪಾಸ್ಕಲ್‌ಗೆ ಲಕ್ವ ಹೊಡೆಯಿತು. ಹೊನ್ನಾವರ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುತ್ತಿದ್ದವರು ಕೆಲಸ ಮಾಡುತ್ತಿದ್ದಲ್ಲೇ ಕುಸಿದರು. ಬಲಗೈ, ಬಲಗಾಲು ಬಿದ್ದುಹೋದವು. ಕೇರಿಗೆಲ್ಲ ಕೇಳುವಂತೆ ನಗುತ್ತಿದ್ದ ಮನುಷ್ಯನ ಮಾತೇ ನಿಂತಿತು.

ವಾರಕ್ಕೆ ಎರಡು ಸಲ ವ್ಯಾಯಾಮಕ್ಕೆಂದು ಕುಮಟಾದ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಕಂಡಕ್ಟರ್ ಒಂದು ಕಡೆ, ನಾನೊಂದು ಕಡೆ ಹಿಡಿದು ಹತ್ತಿಸಬೇಕು. ಮೂರು ತಿಂಗಳಾದರೂ ಬಾಯಿಂದ ಒಂದು ಶಬ್ದ ಹೊರಡಲಿಲ್ಲ.

ನಾನು ಕೈಕಟ್ಟಿ ಕೂರುವವಳಲ್ಲ. ಕಂಡ ಸಂತರಿಗೆಲ್ಲ ಹರಕೆ ಹೊತ್ತೆ, ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಮಾಡಿದೆ, ಭಟ್ಕಳದ ಅತ್ತಿಗೆ ತಂದ ಎಣ್ಣೆ ಹಚ್ಚಿದೆ. ಕಡೆಗೆ ನನ್ನ ಅಜ್ಜಿಯ ಉಪಾಯ ನೆನಪಾಯಿತು. ಕೇಳಿದ್ದು ಸಿಗದಿದ್ದರೆ ಸಂತ ಅಂತೋಣಿಯ ಪ್ರತಿಮೆಯ ಕೈಯಲ್ಲಿರುವ ಬಾಲಯೇಸುವನ್ನು ತೆಗೆದು ಬಚ್ಚಿಡುವುದು. ಮಗು ವಾಪಸ್ ಬೇಕೆಂದು ಸಂತರು ಅವಸರ ಮಾಡುತ್ತಾರಂತೆ. ನಾನೂ ನಮ್ಮ ಮನೆಯ ದೇವರ ಪೀಠದ ಮೇಲಿದ್ದ ಅಂತೋಣಿಯ ಕೈಯಿಂದ ಮಗುವನ್ನು ಬಿಡಿಸಿ ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ.

"ಇವ್ರು ಮಾತಾಡಿದ ದಿನ ಕೊಡ್ತೆ" ಎಂದು ಅಂತೋಣಿಗೆ ಹೇಳಿದೆ.

ಹದಿನೈದು ದಿನ ಕಳೆಯಿತು. ಅಕ್ಕಿ ತೆಗೆಯುವಾಗ ಮಗು ಬೆರಳಿಗೆ ತಾಗಿದರೂ ಪಕ್ಕಕ್ಕೆ ಸರಿಸುತ್ತಿದ್ದೆ. ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ಪಾಸ್ಕಲ್ ಉಗುಳಿಬಿಟ್ಟರು. ನನ್ನ ಕೈ ತಡೆಯಲಿಲ್ಲ, ಕೆನ್ನೆಗೆ ಹೊಡೆದೆ. "ದೇವ್ರು ನಿಮ್ಮನ್ನ ಕರ್ಕೊಂಡಾದ್ರೂ ಹೋಗ್ಲಿ" ಎಂದೂ ಅಂದೆ. ಅವರು ನನ್ನನ್ನೇ ನೋಡುತ್ತ ಕೂತರು.

ಅದು ತಿಂಗಳ ಮೊದಲ ಶುಕ್ರವಾರ, ಚರ್ಚಿನ ಫಾದರ್ ರೋಗಿಗಳ ಮನೆಗೆ ಪರಮಪ್ರಸಾದದ ರೊಟ್ಟಿ ತರುವ ದಿನ. ನನಗೆ ಮರೆತೇ ಹೋಗಿತ್ತು. ಒಳಗೆ ಬಂದವರು ಪೀಠದ ಮುಂದೆ ನಿಂತರು.

"ಎಂತ ರೋಜಿಬಾಯಿ, ಮಗು ಎಲ್ಲಿ?"

ಎಲ್ಲ ಹೇಳಿದೆ, ಹೊಡೆದದ್ದನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ.

"ಅಂತೋಣಿಯವ್ರ ಹತ್ರ ಕೊಡೂಕೆ ಇರೂದು ಆ ಯೇಸು ಒಬ್ಬನೇ ಅಲ್ವಾ? ಅವನನ್ನೇ ತೆಗ್ದಿಟ್ಟು ಮತ್ತೆಂತ ಕೇಳ್ತ್ರಿ?" ಎಂದರು, ಮೆಲ್ಲಗೆ.

ಮಗುವನ್ನು ಅಕ್ಕಿ ಡಬ್ಬದಿಂದ ತೆಗೆದು ಅಂತೋಣಿಯ ಕೈಯಲ್ಲಿಟ್ಟು ಮಂಡಿಯೂರಿದೆ. ಅಷ್ಟು ತಿಂಗಳಲ್ಲಿ ಮೊದಲ ಸಲ ಮಾತಿಗಾಗಿ ಬೇಡಲಿಲ್ಲ. "ಕರ್ತನೇ, ಇವರಿಗೆ ಮಾತು ಬರಲಿ, ಬಿಡಲಿ, ನೀನು ನಮ್ಮ ನಡುವೆ ಇರು. ಈ ಕೈಯನ್ನು ಕ್ಷಮಿಸು" ಎಂದೆ. ಫಾದರ್ ಪ್ರಸಾದದ ಸಣ್ಣ ತುಣುಕನ್ನು ಚಮಚ ನೀರಿನಲ್ಲಿ ಕೊಟ್ಟರು. ಪಾಸ್ಕಲ್ ಅದನ್ನು ಉಗುಳದೆ ನುಂಗಿದರು.

ನಮ್ಮಲ್ಲಿ ಸಂಜೆಯ ಜಪಮಾಲೆ ಮುಗಿದ ಮೇಲೆ ಮಕ್ಕಳು ಹಿರಿಯರ ಆಶೀರ್ವಾದ ಕೇಳುತ್ತಾರೆ, ಹಿರಿಯರು ಅವರ ಹಣೆಗೆ ಶಿಲುಬೆ ಬರೆಯುತ್ತಾರೆ. ನಮಗೆ ಮಕ್ಕಳಿಲ್ಲ, ಆ ಪದ್ಧತಿ ನಮ್ಮ ಮನೆಯಲ್ಲಿ ನಡೆದೇ ಇರಲಿಲ್ಲ. ಅಂದು ಸಂಜೆ ಜಪ ಮುಗಿಸಿದಾಗ ಪಾಸ್ಕಲ್ ಎಡಗೈಯನ್ನು ನನ್ನ ಮುಖದ ಹತ್ತಿರ ಎತ್ತಿದರು. ಹೊಡೆಯಲಿ ಎಂದು ಕಣ್ಣು ಮುಚ್ಚಿದೆ. ಅವರ ಹೆಬ್ಬೆರಳು ನನ್ನ ಹಣೆಯ ಮೇಲೆ ಸೊಟ್ಟಸೊಟ್ಟಗೆ ಒಂದು ಶಿಲುಬೆ ಬರೆಯಿತು.

ಮಾತು ಇಂದಿಗೂ ಬಂದಿಲ್ಲ. ಬರುತ್ತದೆಂದು ಡಾಕ್ಟರೂ ಹೇಳುವುದಿಲ್ಲ. ಕೆಲವು ಬೆಳಿಗ್ಗೆ ಹಾಸಿಗೆಯಿಂದ ಏಳಲೂ ನನಗೆ ಮನಸ್ಸಾಗುವುದಿಲ್ಲ. ಆದರೂ ಬಂಧುಗಳೇ, ನನ್ನ ಪ್ರಾರ್ಥನೆಗೆ ಉತ್ತರ ಸಿಕ್ಕಿದೆ ಎಂದೇ ನಿಮಗೆ ಬರೆಯುತ್ತಿದ್ದೇನೆ. ನಾನು ಹೊಡೆದವರ ಕೈಯಿಂದಲೇ ಕ್ರಿಸ್ತನು ನನ್ನನ್ನು ಕ್ಷಮಿಸಿದನು.