ತಂಗಿಯ ಕೋಡ್‌ನಲ್ಲಿ ನಾನು ಕಂಡ ತಪ್ಪು

ಚಿಕ್ಕಪ್ಪನ ಮಗಳಿಗೆ ಪ್ರೋಗ್ರಾಮಿಂಗ್ ಹೇಳಿಕೊಟ್ಟವಳು ನಾನೇ. ಜಾವಗಲ್‌ನಿಂದ ಬಸ್ಸಿನಲ್ಲಿ ಬಂದು, ಅರಸೀಕೆರೆಯ ನಮ್ಮ ಮನೆಯ ಮಹಡಿಯಲ್ಲಿ ಕೂತು ಕಲಿತಳು. ಆಮೇಲೆ ಇಬ್ಬರೂ ಒಂದೇ ಕಂಪೈಲರ್‌ಗೆ ಕೆಲಸ ಮಾಡತೊಡಗಿದೆವು. ಜನ ಬರೆದ ಪ್ರೋಗ್ರಾಮನ್ನು ಚಿಪ್‌ಗೆ ತಿಳಿಯುವ ಸೂಚನೆಗಳಾಗಿ ಬದಲಿಸುವ ತಂತ್ರಾಂಶ ಅದು. ಎಲ್ಲೆಲ್ಲಿಯವರೋ ಸೇರಿ ಕಟ್ಟುತ್ತಿದ್ದದ್ದು.

ಕಂಪ್ಯೂಟರ್ ಸಂಖ್ಯೆಯನ್ನು ಬರೆದಿಡುವ ಸೊನ್ನೆ-ಒಂದುಗಳನ್ನು, ಅಂದರೆ ಬಿಟ್‌ಗಳನ್ನು, ಬಲಕ್ಕೆ ಸರಿಸಿ ಭಾಗಿಸುವಾಗ ಭಿನ್ನ ಬಿದ್ದುಹೋಗುತ್ತದೆ. ಉತ್ತರ ಹತ್ತಿರದ ಪೂರ್ಣಾಂಕಕ್ಕೆ ಬರಲೆಂದು ಮೊದಲು ಸ್ವಲ್ಪ ಕೂಡಿಸಿ, ಆಮೇಲೆ ಸರಿಸುತ್ತಾರೆ. ಹೊಸ ಚಿಪ್ ಒಂದು ಈ ಎರಡನ್ನೂ ಹದಿನಾರು ಸಂಖ್ಯೆಗಳಿಗೆ ಒಟ್ಟಿಗೇ, ಒಂದೇ ಸೂಚನೆಯಲ್ಲಿ ಮಾಡುತ್ತಿತ್ತು. ಕಂಪೈಲರ್‌ಗೆ ಅದನ್ನು ಬಳಸಲು ಕಲಿಸಬೇಕಿತ್ತು. ನಾನು ಮೂರು ತಿಂಗಳು ಒದ್ದಾಡಿ ಕೈಬಿಟ್ಟಿದ್ದೆ. ಅವಳು ಎರಡು ವಾರದಲ್ಲಿ ಬರೆದು ಕಳಿಸಿದಳು. ಪರಿಶೀಲಿಸಿದವರು ಎಷ್ಟು ಅಚ್ಚುಕಟ್ಟಾಗಿದೆ ಎಂದು ಹೊಗಳಿದರು. ಐದು ವರ್ಷದಲ್ಲಿ ನನಗೆ ಅಂಥದ್ದೊಂದು ಮಾತು ಬಂದಿರಲಿಲ್ಲ. ಹೊಟ್ಟೆ ಉರಿದುಹೋಯಿತು.

ಅವಳ ಕೋಡ್ ತೆರೆದು ತಪ್ಪು ಹುಡುಕುತ್ತ ಕೂತೆ. ಸಿಕ್ಕಿತು. ಎಂಟು ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 255. ಅದಕ್ಕೆ ಒಂದು ಕೂಡಿಸಿದರೆ ಪ್ರೋಗ್ರಾಮಿನಲ್ಲಿ ಸೊನ್ನೆಯಾಗುತ್ತದೆ. ಹೊಸ ಸೂಚನೆ ಮಾತ್ರ ಒಳಗೆ ಹೆಚ್ಚು ಜಾಗ ಇಟ್ಟುಕೊಂಡು 256 ಎಂದೇ ಹಿಡಿಯುತ್ತದೆ. ಎರಡರ ಉತ್ತರ ಬೇರೆ. ಅವಳು ಅದನ್ನು ಗಮನಿಸಿರಲಿಲ್ಲ.

"ಅಕ್ಕ, ಎಲ್ಲಾದ್ರೂ ತಪ್ಪೈತಾ, ನೋಡಿದ್ಯಾ?" ಎಂದು ಮರುದಿನ ಕೇಳಿದಳು.

"ನಂಗೇನೂ ಕಾಣ್ಲಿಲ್ಲ ಕಣೇ" ಎಂದೆ.

ಕೋಡ್ ಕಂಪೈಲರ್‌ಗೆ ಸೇರಿತು. ವಾರ ಕಳೆಯುವಷ್ಟರಲ್ಲಿ ಯಾರದೋ ಪ್ರೋಗ್ರಾಮ್ ತಪ್ಪು ಉತ್ತರ ಕೊಟ್ಟಿತು, ಅವಳ ಕೋಡನ್ನು ವಾಪಸ್ ತೆಗೆದರು. ನನಗೆ ಖುಷಿಯಾಯಿತೆಂಬುದನ್ನು ಮುಚ್ಚಿಡಲಾರೆ. ಅವಳು ಮೆಟ್ಟಿಲು ಹತ್ತಿ ಬರುವವರೆಗೂ ಆ ಖುಷಿ ಇತ್ತು.

"ನಿನ್ ಕಣ್ಣಿಗೇ ಬೀಳ್ಲಿಲ್ಲ ಅಂದ್ಮೇಲೆ ನಂದೇನ್ ಬಿಡಕ್ಕ" ಎಂದು ನಗಲು ನೋಡಿದಳು.

"ಬಿದ್ದಿತ್ತು" ಎಂದೆ. "ಅವತ್ತೇ ಕಂಡಿತ್ತು. ಬೇಕಂತ್ಲೇ ಹೇಳ್ಲಿಲ್ಲ."

"ಯಾಕಕ್ಕ?"

"ಹೊಟ್ಟೆಕಿಚ್ಚು ಕಣೇ."

ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು, ಅಮ್ಮ ತಂದಿಟ್ಟ ಕಾಫಿಯನ್ನೂ ಮುಟ್ಟದೆ ಬಸ್‌ಸ್ಟ್ಯಾಂಡಿಗೆ ಹೊರಟುಹೋದಳು.

ನಾಲ್ಕು ದಿನದ ಮೇಲೆ ತಿದ್ದಿದ ಕೋಡ್ ಬಂತು. ಕೂಡುವಾಗ ಮೊತ್ತ ಎಂಟು ಬಿಟ್ ಮೀರುವುದಿಲ್ಲವೆಂದು ಖಾತ್ರಿಯಿದ್ದರೆ ಮಾತ್ರ ಹೊಸ ಸೂಚನೆ ಬಳಸುವಂತೆ ಬರೆದಿದ್ದಳು. ಪರಿಶೀಲಿಸಬೇಕಾದವರ ಜಾಗದಲ್ಲಿ ನನ್ನ ಹೆಸರನ್ನೇ ಹಾಕಿದ್ದಳು. ಒಂದೊಂದು ಸಾಲನ್ನೂ ಓದಿದೆ. ಈ ಸಲ ತಪ್ಪಿರಲಿಲ್ಲ. ನಾನು ಬರೆಯಬಹುದಾಗಿದ್ದದ್ದಕ್ಕಿಂತ ಚೆನ್ನಾಗಿತ್ತು. ಸರಿಯಿದೆ ಎಂದು ಬರೆದು ಒಪ್ಪಿಗೆ ಕೊಟ್ಟೆ. ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ.

ಅವಳು ಈಗಲೂ ಫೋನ್ ಎತ್ತುತ್ತಾಳೆ. ಕೋಡ್ ವಿಷಯ ಬಿಟ್ಟು ಬೇರೇನೂ ಮಾತಾಡುವುದಿಲ್ಲ.