ತಟ್ಟೆಯ ಅಂಚಿನ ಹೆಸರು

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಅನ್ನದ ಡಬರಿ ಇಳಿಸುವಾಗ ಎಂದೋ ಜಜ್ಜಿಹೋದ ಬೆರಳು. ಸಾರು ಬಡಿಸುವಾಗ ನಾವು ಅವರ ಮುಖಕ್ಕಿಂತ ಆ ಬೆರಳನ್ನೇ ನೋಡುತ್ತಿದ್ದೆವು. ಅದು ಸೌಟಿನ ಮೇಲೆ ಬಿಗಿಯಾದರೆ ಇನ್ನೊಂದು ಸೌಟು ಬೀಳುತ್ತದೆಂದೇ ಅರ್ಥ.

ಶಿರಾಳಕೊಪ್ಪದ ಹತ್ತಿರವಿದ್ದ ನಮ್ಮ ಅನಾಥ ಹೆಣ್ಣುಮಕ್ಕಳ ಆಶ್ರಮಕ್ಕೆ ಅವರು ಹೊಸಬಾಳೆಯಿಂದ ಅಡುಗೆಗೆ ಬಂದವರು. ಅಡುಗೆಯವರನ್ನು ಅಮ್ಮ ಎನ್ನಬೇಕೆಂದು ಕಚೇರಿಯ ಕಟ್ಟಪ್ಪಣೆ ಇತ್ತು. ಅವರು ಮಾತ್ರ ಒಪ್ಪಲಿಲ್ಲ.

"ಅಮ್ಮ ಅನ್ಬ್ಯಾಡ್ರೇ. ಹೆತ್ತೋಳು ಒಬ್ಳು ಇದ್ಲಲ್ಲ, ಆ ಜಾಗ ಅವಳ್ದು. ನಾನು ದೊಡ್ಡಮ್ಮ, ಅಷ್ಟೇ."

ನನ್ನ ಹೆಸರು ಚೌಡಮ್ಮ. ಬಸ್ ಸ್ಟ್ಯಾಂಡಿನಿಂದ ನನ್ನನ್ನು ಆಶ್ರಮಕ್ಕೆ ತಂದು ಬಿಟ್ಟಾಗ ಐದು ವರ್ಷ. ಹೆಸರು ಕೇಳುವ ಪುರುಸೊತ್ತು ಇರಲಿಲ್ಲವೋ, ಕೇಳಿದ್ದು ಹಿಡಿಸಲಿಲ್ಲವೋ, ರಿಜಿಸ್ಟರಿನಲ್ಲಿ 'ಕರುಣಾ' ಎಂದು ಬರೆದುಬಿಟ್ಟರು. ಯಾರ ಕರುಣೆ? ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸಾಹುಕಾರರೊಬ್ಬರು ತಮ್ಮ ತಂದೆಯ ಪುಣ್ಯತಿಥಿಗೆ ನಲವತ್ತು ಸ್ಟೀಲ್ ತಟ್ಟೆ ಕೊಟ್ಟರು. ಖಾಲಿ ತಟ್ಟೆಗಳನ್ನು ಎದೆಗೆ ಹಿಡಿದು, ಹಸಿದ ಹೊಟ್ಟೆಯಲ್ಲಿ, ಬಿಸಿಲಿಗೆ ನಿಂತು ಫೋಟೊ ತೆಗೆಸಿಕೊಂಡೆವು. ತಟ್ಟೆಯ ನಟ್ಟನಡುವೆ ತೀರಿಕೊಂಡವರ ಹೆಸರು ಕೊರೆಸಿತ್ತು. ಅನ್ನ ಮುಗಿಯುತ್ತ ಬಂದಂತೆ ಅವರ 'ಸ್ಮರಣಾರ್ಥ' ಮೇಲೇಳುತ್ತಿತ್ತು. ಎರಡು ದಿನ ಉಂಡು ನೋಡಿ ನಾನು ಕೇಳಿದೆ, "ದೊಡ್ಡಮ್ಮ, ಇದ್ರಲ್ಲಿ ನನ್ ತಟ್ಟೆ ಯಾವ್ದು?"

ಸಂತೆಯ ದಿನ ಬೆಳಗ್ಗೆ ಅವರು ತಟ್ಟೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ, ನಮ್ಮನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರ ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡರು. ನನ್ನ ಸರದಿ ಬಂದಾಗ "ಕರುಣಾ" ಎಂದೆ.

"ಅದು ಆಫೀಸಿನ ಹೆಸ್ರು. ನಿಮ್ಮವ್ವ ಏನಂತ ಕರೀತಿದ್ಲು?"

ನಾಲ್ಕು ವರ್ಷ ಯಾರೂ ಕೂಗದ ಹೆಸರನ್ನು ಹೇಳಿ ಗೊಳೋ ಎಂದು ಅತ್ತೆ. ಅವತ್ತು ಮಧ್ಯಾಹ್ನ ನಾವು ಮುತ್ತುಗದ ಎಲೆಯಲ್ಲಿ ಉಂಡೆವು. ಪಾತ್ರೆ ಅಂಗಡಿಯ ಮುಂದೆ ದೊಡ್ಡಮ್ಮ ದಿನವಿಡೀ ಕೂತು, ಪ್ರತಿ ತಟ್ಟೆಯ ಅಂಚಿಗೂ ಒಂದೊಂದು ಹೆಸರು ಕೊರೆಸಿಕೊಂಡು ಸಂಜೆ ಬಸ್ಸಿಗೆ ಬಂದರು.

ಮರುದಿನ ಕಾರ್ಯದರ್ಶಿಗಳು ಅಡುಗೆಮನೆಗೇ ನುಗ್ಗಿದರು. "ಯಾರನ್ ಕೇಳಿ ಮಾಡಿದ್ರಿ ಇದನ್ನ? ದಾನಿಗಳಿಗೆ ನಾನೇನ್ ಉತ್ರ ಕೊಡ್ಲಿ?"

"ಅವ್ರ ಹೆಸ್ರು ನಡುವೆ ಹಂಗೇ ಐತಲ್ರೀ. ಉಣ್ಣೋರ ಹೆಸ್ರು ಅಂಚಿಗೆ ಬರ್ಸಿದೀನಿ. ಬ್ಯಾಡ ಅಂದ್ರೆ ಅಳಿಸ್ಕಳಿ."

"ಕೆಲ್ಸದಿಂದ ತೆಗೀಬೇಕಾಗ್ತದೆ."

"ತೆಗೀರಿ. ನಲ್ವತ್ತು ಮಕ್ಳು ಬೆಳಗ್ಗೆ ಎದ್ದು ಉಪ್ಪಿಟ್ಟಿಗೆ ಕಾಯ್ತಾವೆ. ನಾಳೆ ಒಲೆ ಹಚ್ಚೋರು ಯಾರು ಅಂತ ಈಗ್ಲೇ ಹೇಳ್ಬಿಡಿ."

ಕಾರ್ಯದರ್ಶಿಗಳು ಒಲೆಯ ಮೇಲಿನ ದೊಡ್ಡ ಬಾಣಲೆಯನ್ನೊಮ್ಮೆ ನೋಡಿ, ಗೊಣಗುತ್ತ ಹೊರಟುಹೋದರು.

ಶಾಲೆಯ ದಾಖಲೆಯಲ್ಲಿ ನನ್ನ ಹೆಸರು ತಿದ್ದಿಸಲೂ ದೊಡ್ಡಮ್ಮನೇ ಅಲೆದರು. "ದಾಖಲೆ ಏನಿದೆ?" ಎಂದ ಗುಮಾಸ್ತರ ಮೇಜಿನ ಮೇಲೆ ನನ್ನ ಹೆಸರಿನ ತಟ್ಟೆಯನ್ನು ಟಣ್ಣೆಂದು ಇಟ್ಟರು. ಗುಮಾಸ್ತರು ನಕ್ಕರು. ನಗಲಿ. ಹೋದ ಕಚೇರಿಗೇ ಮತ್ತೆ ಮತ್ತೆ ಹೋಗಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಚೌಡಮ್ಮ ಎಂದೇ ಬರುವಂತೆ ಮಾಡಿದರು.

ನಾನೀಗ ಸೊರಬದಲ್ಲಿ ನರ್ಸ್. ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. ಅವರ ನೆನಪಿಗೆಂದು ಆಶ್ರಮಕ್ಕೆ ಹೊಸ ತಟ್ಟೆ ಕೊಡಿಸಿ, ಹೆಸರು ಕೊರೆಯುವವರನ್ನೂ ಜೊತೆಗೇ ಕರೆದುಕೊಂಡು ಹೋದೆ. ಈಗಿನ ಕಾರ್ಯದರ್ಶಿ ಕೇಳಿದರು, "ನಡುವೆ ಆ ತಾಯಿ ಹೆಸ್ರು ಬರ್ಸೋಣ ಅಲ್ವಾ ಮೇಡಂ?"

"ನಡುವೆ ಅನ್ನ ಇರ್ಲಿ ರೀ."

ಸಾಲಿನಲ್ಲಿ ಮೊದಲು ಕೂತಿದ್ದ ಪುಟ್ಟ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದೆ, "ನಿಮ್ಮವ್ವ ನಿನ್ನ ಏನಂತ ಕರೀತಿದ್ಲು?"